ಗುಡ್ಡಕ್ಕೆ ಬೆಂಕಿ ಬಿದ್ದಾಗ ಮನೆ, ನೌಕರಿ ಎರಡನ್ನೂ ಸಂಭಾಳಿಸುವುದು ಹೇಗೆ?

ನಾನು ಗದಗದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಆಫ್‌ಸೆಟ್ ಮಷಿನ್ ನಡೆಸುತ್ತೇನೆ. ಮನೆ ಇರುವುದು ಕಪ್ಪತಗುಡ್ಡದ ಬುಡದ ಒಂದು ಹಳ್ಳಿಯಲ್ಲಿ. ನಮ್ಮೂರಲ್ಲಿ ಹದಿನಾಲ್ಕು ಮಂದಿಯ ಒಂದು ತಂಡವಿದೆ. ಗುಡ್ಡದಲ್ಲಿ ಬೆಂಕಿ ಕಂಡರೆ ಅರಣ್ಯ ಇಲಾಖೆಯವರ ಜೊತೆ ಆರಿಸಲು ಹೋಗುತ್ತೇವೆ. ಊರೊಳಗೆ ಮೇವಿನ ಬಣವೆಗೆ ಬೆಂಕಿ ಬಿದ್ದರೆ, ಅಗ್ನಿಶಾಮಕ ಗಾಡಿ ಬರುವವರೆಗೆ ಪಕ್ಕದ ಬಣವೆ ಉಳಿಸಲು ಓಡಾಡುತ್ತೇವೆ. ಪಗಾರ ಇಲ್ಲ, ಖಾಕಿ ಬಟ್ಟೆ ಇಲ್ಲ. ಆರು ವರ್ಷದಿಂದ ತಂಡದ ಮುಂದಾಳುತನದಲ್ಲಿದ್ದೇನೆ.

ನನ್ನ ಪಾಲಿನ ಕಷ್ಟ ಏನಪ್ಪಾ ಅಂದರೆ, ಬೆಂಕಿಯ ಸೀಸನ್ನೂ ಲಗ್ನಪತ್ರಿಕೆಯ ಸೀಸನ್ನೂ ಒಂದೇ. ಮೂರನೇ ವರ್ಷ ಮಾರ್ಚ್‌ನಲ್ಲಿ 600 ಪತ್ರಿಕೆಯ ಆರ್ಡರ್ ಮಷಿನ್ ಮೇಲಿತ್ತು. ಫೋನ್ ಬಂತು. "ಅಣ್ಣಾ, ಗುಡ್ಡಕ್ಕ ಬೆಂಕಿ ಬಿದ್ದೈತಿ, ಲಗೂನ ಬಾ." ಮಷಿನ್ ಬಂದ್ ಮಾಡಿ ಬೈಕ್ ಹತ್ತಿದೆ. ರಾತ್ರಿ ಎರಡಕ್ಕೆ ಬೆಂಕಿ ಆರಿತು. ಬೆಳಿಗ್ಗೆ ಪ್ರೆಸ್ಸಿಗೆ ಹೋದರೆ ರೋಲರ್ ಮೇಲಿನ ಶಾಯಿ ಒಣಗಿ ಕೂತಿತ್ತು, ಅದನ್ನು ತೊಳೆಯಲು ಅರ್ಧ ದಿನ ಹಿಡಿಯಿತು. ಮದುವೆ ಮನೆಯವರು ಬೆಂಚಿನ ಮೇಲೆ ಕೂತಿದ್ದರು. ಮಾಲೀಕರು ಬೈಯಲಿಲ್ಲ, ಮಾತೇ ಆಡಲಿಲ್ಲ. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಮನೆಯಲ್ಲಿ ಇನ್ನೊಂದು. ಗುಡ್ಡದ ಆಚೆ ಮಗ್ಗುಲಿಗೆ ನೆಟ್‌ವರ್ಕ್ ಸಿಗುವುದಿಲ್ಲ. ನನ್ನ ಹೆಂಡತಿ ರಾತ್ರಿ ಎರಡರವರೆಗೆ ಕಟ್ಟೆ ಮೇಲೆ ಕೂತಿದ್ದಳು. ನಾನು ಬಂದ ಮೇಲೆ ಒಂದೇ ಮಾತು ಹೇಳಿದಳು: "ಹೋಗಬ್ಯಾಡ್ರಿ ಅನ್ನಂಗಿಲ್ಲ. ಎಷ್ಟೊತ್ತಿಗೆ ಬರ್ತೀರಿ ಅನ್ನೂದಷ್ಟ ಹೇಳಿ ಹೋಗ್ರಿ."

ಅಲ್ಲಿಂದ ಮುಂದೆ ನಾವು ಮಾಡಿಕೊಂಡ ವ್ಯವಸ್ಥೆಯನ್ನು ಇಲ್ಲಿ ಬರೆದಿದ್ದೇನೆ. ನೀವೂ ಇಂಥ ತಂಡ ನಡೆಸುತ್ತಿದ್ದರೆ, ಅಥವಾ ಗೃಹರಕ್ಷಕ ದಳದಲ್ಲಿ ಸೇರಿ ಹತ್ತು ಜನರ ಜವಾಬ್ದಾರಿ ಹೊತ್ತಿದ್ದರೆ, ನಿಮಗೆ ಹೊಂದುವಷ್ಟು ತಗೊಳ್ಳಿ.

1. ಡಿಸೆಂಬರ್‌ನಲ್ಲೇ ಕ್ಯಾಲೆಂಡರ್ ಹಿಡಿದು ಕೂರಿ

ಬೆಂಕಿ ಹೇಳದೆ ಕೇಳದೆ ಬರುತ್ತದೆ ಅನ್ನುತ್ತಾರೆ. ಅದು ಅರ್ಧ ಸುಳ್ಳು. ದಿನ ಗೊತ್ತಿರುವುದಿಲ್ಲ, ತಿಂಗಳು ಗೊತ್ತಿರುತ್ತದೆ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ಕಡೆ ಹರಡಿರುವ ಸುಮಾರು 244 ಚದರ ಕಿಲೋಮೀಟರ್ ಜಾಗ ಅದು. ಹೆಚ್ಚಿನ ಕಡೆ ಕುರುಚಲು ಗಿಡ, ಹುಲ್ಲು. ಶ್ರಾವಣದಲ್ಲಿ ಹಸಿರು ಉಕ್ಕುವ ಗುಡ್ಡ ಸಂಕ್ರಾಂತಿ ಹೊತ್ತಿಗೆ ಹಪ್ಪಳದಂತೆ ಒಣಗಿರುತ್ತದೆ. ಆಮೇಲೆ ಒಂದು ಒಳ್ಳೆ ಅಡ್ಡಮಳೆ ಬೀಳುವವರೆಗೆ ನಮಗೆ ನಿದ್ದೆ ಕಡಿಮೆ. ಬೆಂಕಿ ತಾನಾಗಿ ಹತ್ತುವುದು ಅಪರೂಪ. ಯಾರೋ ಎಸೆದ ಬೀಡಿ, ಹೊಲದ ಬದುವಿನಲ್ಲಿ ಸುಡಲು ಹಚ್ಚಿ ಬಿಟ್ಟುಹೋದ ಕಸ, ಸುಟ್ಟರೆ ಹೊಸ ಹುಲ್ಲು ಚೆನ್ನಾಗಿ ಚಿಗುರುತ್ತದೆ ಅನ್ನುವ ನಂಬಿಕೆ, ಹೆಚ್ಚಾಗಿ ಇವೇ.

ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರ್ ಇರುತ್ತದಲ್ಲ, ಅದನ್ನೇ ಇಳಿಸಿ. ಕೆಂಪು ಪೆನ್ನು ಮೊದಲು ಮನೆಯವರ ಕೈಗೆ ಕೊಡಿ. ಮಕ್ಕಳ ಪರೀಕ್ಷೆ, ತವರುಮನೆ ಮದುವೆ, ಅವ್ವನ ಕಣ್ಣಿನ ತಪಾಸಣೆ, ಹೀಗೆ ನೀವು ಇರಲೇಬೇಕಾದ ದಿನಗಳಿಗೆ ಅವರೇ ಗುರುತು ಹಾಕಲಿ. ಆ ದಿನ ಗುಡ್ಡವೇ ಹತ್ತಿ ಉರಿದರೂ ನೀವು ಹೋಗುವುದಿಲ್ಲ. ನೀಲಿ ಪೆನ್ನು ಆಮೇಲೆ ನಿಮಗೆ, ಬೆಂಕಿಯ ಭಯ ಇರುವ ದಿನಗಳಿಗೆ. ಕಾಮದಹನದ ರಾತ್ರಿ, ಕಿಡಿ ಬಣವೆಗೆ ಹಾರುವ ದಿನ. ಬಿಳಿಜೋಳದ ರಾಶಿ ಮುಗಿದು ಊರ ಸುತ್ತ ಬಣವೆಗಳು ಏಳುವ ವಾರಗಳು. ಜಾತ್ರೆಗೆ ಬಂದವರು ಗುಡ್ಡದ ದಾರಿಯಲ್ಲಿ ಒಲೆ ಹೂಡುವ ದಿನ.

ನಾನು ಮೊದಲ ಸಲ ನೀಲಿ ಗುರುತನ್ನೇ ಮೊದಲು ಹಾಕಿ, ಉಳಿದ ಜಾಗದಲ್ಲಿ ಮನೆಯವರದ್ದು ತುಂಬಿಸಲು ಹೋಗಿದ್ದೆ. ಕೆಂಪಿಗೆ ಜಾಗವೇ ಉಳಿಯಲಿಲ್ಲ.

ರಜೆಯ ವಿಷಯವೂ ಇಲ್ಲೇ ಮುಗಿಸಿ. ಮಳೆಗಾಲದಲ್ಲಿ ಸುಮ್ನೆ ರಜೆ ಹಾಕಬೇಡಿ. ಜೂನ್‌ನಿಂದ ಡಿಸೆಂಬರ್‌ವರೆಗೆ ಉಳಿಸಿದ ರಜೆಯೇ ಜನವರಿಯಿಂದ ಮೇವರೆಗಿನ ಬಂಡವಾಳ.

2. ಮಾಲೀಕರ ಹತ್ತಿರ ಬೆಂಕಿ ಇಲ್ಲದಾಗ ಮಾತಾಡಿ

ಫೋನ್ ಕೈಯಲ್ಲಿ ಹಿಡಿದು "ಸರ್, ಅರ್ಜೆಂಟ್ ಹೋಗಬೇಕ್ರಿ" ಅಂದರೆ ಯಾರಿಗೂ ಇಷ್ಟವಾಗುವುದಿಲ್ಲ. ಕೆಲಸ ತಣ್ಣಗಿರುವ ತಿಂಗಳಲ್ಲಿ, ಚಹಾ ಹೊತ್ತಿನಲ್ಲಿ ಕೂತು ಮಾತಾಡಿ. "ಊರ ಸೇವೆ" ಅಂತ ಶುರು ಮಾಡಬೇಡಿ. ಲೆಕ್ಕ ಹೇಳಿ. ನಾನು ಹೇಳಿದ್ದು ಮೂರು ಮಾತು. ಹಗಲಿನ ಡ್ಯೂಟಿಯಲ್ಲಿ ತಿಂಗಳಿಗೆ ಎರಡು ಸಲಕ್ಕಿಂತ ಜಾಸ್ತಿ ಏಳುವುದಿಲ್ಲ. ಮಷಿನ್ ಮೇಲೆ ಆರ್ಡರ್ ನಡೆಯುತ್ತಿದ್ದರೆ ಅದು ಮುಗಿಸಿ, ರೋಲರ್ ತೊಳೆದೇ ಹೋಗುತ್ತೇನೆ. ಹೋದಷ್ಟು ತಾಸು ಆ ವಾರದಲ್ಲೇ ಕೂತು ತುಂಬಿಸುತ್ತೇನೆ.

ಪಕ್ಕದ ಮಷಿನ್ ಹುಡುಗನ ಜೊತೆಗೂ ಒಪ್ಪಂದ ಮಾಡಿಕೊಂಡೆ. ನನ್ನ ಅರ್ಧ ಕೆಲಸ ಅವನು ಹಿಡಿದರೆ, ಅವನ ಊರ ಜಾತ್ರೆಗೆ ನಾನು ಎರಡು ದಿನ ಅವನ ಪಾಳಿ ಹಿಡಿಯುತ್ತೇನೆ. ಈ ಅದಲುಬದಲು ಮಾಲೀಕರಿಗೂ ಗೊತ್ತಿರಬೇಕು. ಗುಟ್ಟಾಗಿ ಮಾಡಿದರೆ ಒಂದಿನ ಸಿಕ್ಕಿಬೀಳುತ್ತೀರಿ.

ಇನ್ನೊಂದು ಮಾತು ಮಾಲೀಕರಿಗೆ ಹಿಡಿಸಿತು. ಪ್ರೆಸ್ಸಿನಲ್ಲಿ ಕಾಗದದ ರಾಶಿ, ಶಾಯಿ, ರೋಲರ್ ತೊಳೆಯುವ ಸೀಮೆಎಣ್ಣೆ, ಎಲ್ಲ ಒಂದೇ ಕೋಣೆಯಲ್ಲಿತ್ತು. ಎಣ್ಣೆ ಹೀರಿದ ಬಟ್ಟೆಗಳಿಗೆ ಮುಚ್ಚಳದ ಡಬ್ಬಿ ಇಡಿಸಿದೆ. ಬೆಂಕಿ ನಂದಿಸುವ ಸಿಲಿಂಡರ್‌ನ ಒತ್ತಡದ ಮುಳ್ಳು ಹಸಿರಿನಲ್ಲಿದೆಯಾ ಅಂತ ತಿಂಗಳಿಗೊಮ್ಮೆ ನೋಡುವುದು ನನ್ನ ಕೆಲಸವಾಯಿತು. ನನ್ನ ಈ ಹುಚ್ಚಿನಿಂದ ಅವರಿಗೂ ಒಂದು ಉಪಯೋಗ ಕಂಡಿತು, ಅಲ್ವಾ.

3. ಮನೆಗೆ ಮೂರು ಮಾತಿನ ಮೆಸೇಜು

ಹೊರಡುವ ಮುಂಚೆ ಒಂದು ವಾಯ್ಸ್ ಮೆಸೇಜು. ಎಲ್ಲಿಗೆ, ಯಾರ ಜೊತೆ, ಮತ್ತೆ ಯಾವಾಗ ಫೋನ್ ಮಾಡುತ್ತೇನೆ. "ಗುಡ್ಡಕ್ಕ ಹೊಂಟೀನಿ" ಅಂದರೆ ಏನೂ ಹೇಳಿದಂತಾಗಲಿಲ್ಲ. "ಗಾಳಿಪಂಕದ ದಾರಿ ಕಡೆ, ನಾವು ಎಂಟು ಮಂದಿ, ಗಾರ್ಡ್ ಸಾಹೇಬ್ರು ಅದಾರ, ಹನ್ನೊಂದಕ್ಕ ಫೋನ್ ಮಾಡ್ತೀನಿ" ಅಂದರೆ ಹೇಳಿದಂತೆ.

ಹನ್ನೊಂದಕ್ಕೆ ಫೋನ್ ಮಾಡಲೇಬೇಕು. ನೆಟ್‌ವರ್ಕ್ ಇಲ್ಲದ ಕಡೆ ಇದ್ದರೆ? ಇದಕ್ಕಾಗಿ ನಮ್ಮ ತಂಡದಲ್ಲಿ ಒಬ್ಬರು ಯಾವಾಗಲೂ ಕೆಳಗೆ, ರಸ್ತೆಯಲ್ಲಿ, ನೀರಿನ ಕ್ಯಾನಿನ ಹತ್ತಿರ ಇರುತ್ತಾರೆ. ಬೆಂಕಿ ಬಡಿಯಲು ಮೇಲೆ ಹೋಗುವಂತಿಲ್ಲ. ಎಲ್ಲರ ಮನೆಯ ನಂಬರ್ ಅವರ ಬಳಿ. ಕಿರುಚಿದರೆ ಕೇಳುವಷ್ಟು ದೂರಕ್ಕೊಬ್ಬರಂತೆ ನಿಂತು ಸುದ್ದಿ ಕೆಳಗೆ ದಾಟಿಸುತ್ತೇವೆ, ಅವರು ಎಂಟೂ ಮನೆಗೆ ಫೋನ್ ಮಾಡುತ್ತಾರೆ. ಮೊದಲು ಈ ಕೆಲಸ ಯಾರಿಗೂ ಬೇಡವಾಗಿತ್ತು. "ನಾ ಏನ್ ಹೆಣ್ಮಗಳೇನು ಕೆಳಗ ಕುಂಡ್ರಾಕ" ಅಂದ ಒಬ್ಬ. ಅವನ ಹೆಂಡತಿಯೇ ಮಾರನೇ ದಿನ ಅವನಿಗೆ ತಕ್ಕ ಉತ್ತರ ಕೊಟ್ಟಳಂತೆ. ಈಗ ಅದು ಪಾಳಿ ಪ್ರಕಾರ ಎಲ್ಲರಿಗೂ ಬರುತ್ತದೆ, ನನಗೂ.

ಮನೆಯ ಸಣ್ಣ ಕೆಲಸಗಳನ್ನು ಮರೆಯಬೇಡಿ. ಜಗಳ ಹುಟ್ಟುವುದೇ ಅಲ್ಲಿ. ನಳ ಬರುವ ದಿನ ನೀವು ಇಲ್ಲದಿದ್ದರೆ ಕೊಡ ಹೊರುವವರು ಯಾರು? ಗ್ಯಾಸ್ ಸಿಲಿಂಡರ್ ಖಾಲಿಯಾದರೆ? ಬೆಂಕಿ ಸೀಸನ್ನಿನ ನಾಲ್ಕೂವರೆ ತಿಂಗಳು ನಾನು ಎರಡನೇ ಸಿಲಿಂಡರ್ ಯಾವಾಗಲೂ ತುಂಬಿಸಿ ಇಡುತ್ತೇನೆ. ನಳದ ದಿನ ಬೆಳಿಗ್ಗೆ ಐದಕ್ಕೆ ಎದ್ದು ನಾನೇ ನೀರು ತುಂಬಿಸುತ್ತೇನೆ, ಹಿಂದಿನ ರಾತ್ರಿ ಎಷ್ಟೊತ್ತಿಗೆ ಬಂದಿದ್ದರೂ ಸರಿ.

4. ಮುಂದಾಳು ಒಬ್ಬನೇ ಇರಬಾರದು

ನನಗೆ ಎಲ್ಲಕ್ಕಿಂತ ಕಷ್ಟವಾಗಿದ್ದು ಇದು. ಕ್ಯಾಲೆಂಡರ್ ಹಾಕಿದೆ, ಮಾಲೀಕರ ಜೊತೆ ಮಾತಾಡಿದೆ, ಮೆಸೇಜು ಕಳಿಸಿದೆ. ಆದರೂ ಬೆಂಕಿ ಕಂಡವರೆಲ್ಲ ನನಗೇ ಫೋನ್ ಮಾಡುತ್ತಿದ್ದರು. ಕಾರಣ ನಾನೇ. ಅಲ್ಲಿಯವರೆಗೆ ಒಂದು ಸಲವೂ "ನಾ ಬರೂದಿಲ್ಲ" ಅಂದಿರಲಿಲ್ಲ. ಹಾಗಂದರೆ ನನ್ನ ಬೆಲೆ ಕಡಿಮೆಯಾಗುತ್ತದೆ ಅಂತ ಒಳಗೊಂದು ಹೆದರಿಕೆ ಇತ್ತು, ಸುಳ್ಳು ಯಾಕೆ ಹೇಳಲಿ.

ಈಗ ಮೂವರು ಮುಂದಾಳುಗಳು. ನಾನು, ಹಾಲಿನ ಡೇರಿಯ ಸೆಕ್ರೆಟರಿ, ಮತ್ತು ಟ್ರ್ಯಾಕ್ಟರ್ ಓಡಿಸುವ ಒಬ್ಬ ತಮ್ಮ. ಒಂದೊಂದು ವಾರ ಒಬ್ಬೊಬ್ಬರು. ಸೋಮವಾರ ಸಂಜೆ ಗುಡಿ ಕಟ್ಟೆಯ ಮೇಲೆ ಪಾಳಿ ಬದಲು. ಒಂದು ಹಳೇ ಕೀಪ್ಯಾಡ್ ಫೋನ್ ಇದೆ, ಅದರ ನಂಬರೇ ತಂಡದ ನಂಬರ್. ಊರವರಿಗೂ ಗಾರ್ಡ್‌ಗೂ ಕುರಿಗಾಹಿಗಳಿಗೂ ಅದೇ ನಂಬರ್ ಕೊಟ್ಟಿದ್ದೇವೆ. ಆ ವಾರದ ಮುಂದಾಳಿನ ಜೇಬಿನಲ್ಲಿ ಆ ಫೋನ್. ಯಾರು ಮೇಲೆ ಹೋಗಬೇಕು, ಯಾರು ಕೆಳಗೆ, ಯಾವಾಗ ವಾಪಸ್ ಅನ್ನುವುದು ಅವರ ಮಾತು. ಉಳಿದಿಬ್ಬರು ಸುಮ್ಮನೆ ಕೇಳಬೇಕು.

ಪಾಳಿ ಇಲ್ಲದವರು ಕರೆದರೆ ಮಾತ್ರ ಹೋಗುವುದು. ಇದನ್ನು ಪಾಲಿಸುವುದು ಬರೆದಷ್ಟು ಸುಲಭವಲ್ಲ. ಪಾಳಿ ಶುರುವಾದ ಮೊದಲ ವರ್ಷ, ಹೋಳಿ ಮುಗಿದ ಮೇಲೆ ಒಂದು ಸಂಜೆ. ಪಾಳಿ ನನ್ನದಲ್ಲ. ಮಗಳು ಮಗ್ಗಿ ಒಪ್ಪಿಸುತ್ತಿದ್ದಳು. ಬಾಗಿಲಿನಿಂದ ನೋಡಿದರೆ ಗುಡ್ಡದ ಮೇಲೆ ಕೆಂಪು ಗೆರೆ. ಮೊದಲು ಗೇಣುದ್ದ. ಹದಿನೇಳರ ಮಗ್ಗಿ ಮುಗಿಯುವಷ್ಟರಲ್ಲಿ ಮೊಳ ಉದ್ದವಾಗಿತ್ತು. ಗಾಳಿ ಯಾವ ಕಡೆ ಅಂತ ನೋಡಲು ಕೈ ತಾನಾಗಿ ಮೇಲಕ್ಕೆ ಹೋಯಿತು. ಮಗಳು "ಅಪ್ಪಾ, ಹದಿನೇಳ ಎಂಟ್ಲೆ ಎಷ್ಟು?" ಅಂದಳು. ನಾನು "ನೂರಾ ಇಪ್ಪತ್ತಾರು" ಅಂದೆ. ಅವಳು ನಕ್ಕಳು. ನನ್ನ ಫೋನನ್ನು ಹೆಂಡತಿ ಎತ್ತಿ ರೊಟ್ಟಿ ಬುಟ್ಟಿಯಲ್ಲಿ ಹಾಕಿ ಮುಚ್ಚಿದಳು. ಒಂಬತ್ತೂವರೆಗೆ ಗೆರೆ ತುಂಡಾಯಿತು. ಹತ್ತಕ್ಕೆ ಕಾಣಿಸಲೇ ಇಲ್ಲ. ನಾನಿಲ್ಲದೆ ಆರಿಸಿದ್ದರು. ಖುಷಿಯಾಗಬೇಕಿತ್ತು. ನಿಜ ಹೇಳಬೇಕೆಂದರೆ ಹೊಟ್ಟೆಯಲ್ಲಿ ಸ್ವಲ್ಪ ಉರಿಯಿತು.

ಎರಡನೆಯವರನ್ನು ತಯಾರು ಮಾಡುವುದು ಹೇಗೆ ಅಂತ ಕೇಳುತ್ತಾರೆ. ಸಣ್ಣ ಬೆಂಕಿಯಲ್ಲಿ ಅವರಿಗೆ ಅಧಿಕಾರ ಕೊಡಿ, ನೀವು ಹಿಂದೆ ನಿಂತು ಬಾಯಿ ಮುಚ್ಚಿಕೊಳ್ಳಿ. ತಪ್ಪು ಕಂಡರೆ ಜೀವಕ್ಕೆ ಅಪಾಯ ಇದ್ದಾಗ ಮಾತ್ರ ಕೂಗಿ. ಉಳಿದದ್ದು ಮರುದಿನ ಚಹಾದಂಗಡಿಯಲ್ಲಿ. ತರಬೇತಿಯನ್ನೂ ಒಬ್ಬರೇ ಪಡೆಯಬೇಡಿ. ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗು ಸ್ಫೋಟಿಸಿ ಬೆಂಕಿ ಆರಿಸಲು ಹೋದ ಹತ್ತಾರು ಸಿಬ್ಬಂದಿ ಸತ್ತರು, ಅವರ ನೆನಪಿನ ವಾರ ಅದು. ಆ ವಾರ ಠಾಣೆಯವರು ಊರೂರಿಗೆ ಬಂದು ತೋರಿಸಲು ಮನಸ್ಸು ಮಾಡುತ್ತಾರೆ. ಮಾರ್ಚ್‌ನಲ್ಲೇ ತಾಲ್ಲೂಕಿನ ಅಗ್ನಿಶಾಮಕ ಠಾಣೆಗೆ ಅರ್ಜಿ ಕೊಡಿ, ಇಡೀ ತಂಡವನ್ನು ಕೂರಿಸಿ. ವಿಪತ್ತಿನಲ್ಲಿ ನೆರವಾಗುವವರನ್ನು ತಯಾರು ಮಾಡುವ ಆಪದ ಮಿತ್ರ ಯೋಜನೆಯಲ್ಲಿ ಸ್ವಯಂಸೇವಕರಿಗೆ 12 ದಿನದ ತರಬೇತಿ ಕೊಡುತ್ತಿದ್ದರು, ಈಗ ಇದೆಯಾ ಅಂತ ಜಿಲ್ಲಾಡಳಿತದಲ್ಲಿ ಕೇಳಿ ನೋಡಿ.

5. ಫೋನ್ ಬಂದ ಮೊದಲ ಐದು ನಿಮಿಷ

ಮೊದಲ ಫೋನ್ 112ಕ್ಕೆ ಅಥವಾ 101ಕ್ಕೆ. ಗುಡ್ಡವಾದರೆ ಜೊತೆಗೆ ಫಾರೆಸ್ಟ್ ಗಾರ್ಡ್‌ಗೆ. ಅದು ವನ್ಯಜೀವಿಧಾಮ, ನಮ್ಮಷ್ಟಕ್ಕೆ ನುಗ್ಗುವುದಲ್ಲ. ಇಲಾಖೆಯವರ ಕೈಯಲ್ಲಿ ಗಾಳಿ ಊದುವ ಬ್ಲೋವರ್ ಇರುತ್ತದೆ, ಬೆಂಕಿ ದಾಟದಂತೆ ಹುಲ್ಲು ತೆಗೆದು ಮಾಡುವ ಬೆಂಕಿ ರೇಖೆ ಎಲ್ಲಿ ಕೊರೆದಿದ್ದಾರೆ ಅನ್ನುವುದೂ ಅವರಿಗೇ ಗೊತ್ತು.

ಆಮೇಲೆ ಯಾರನ್ನು ಕರೆದೊಯ್ಯಬಾರದು ಅಂತ ನೋಡಿ. ಕುಡಿದವರು ಬೇಡ. ಚಪ್ಪಲಿ ಹಾಕಿದವರು ಬೇಡ. ನೈಲಾನ್, ಪಾಲಿಸ್ಟರ್ ಟೀಶರ್ಟ್ ಬೇಡ, ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿ ಬಟ್ಟೆ, ತುಂಬು ತೋಳು. ಹದಿನೆಂಟು ತುಂಬದವರು ಬೇಡ. ರಾತ್ರಿ ಪಾಳಿ ಮುಗಿಸಿ ಬಂದವರು ಬೇಡ. ಒಂದು ಮನೆಯಿಂದ ಒಬ್ಬರೇ. ಅಣ್ಣ ತಮ್ಮ ಇಬ್ಬರೂ ಬರುತ್ತೇವೆ ಅಂದರೆ ಒಬ್ಬರನ್ನು ವಾಪಸ್ ಕಳಿಸಿ. ಇದಕ್ಕೆ ಕಾರಣ ಕೇಳಿದರೆ "ನಿಮ್ಮವ್ವನ್ನ ಕೇಳು" ಅನ್ನುತ್ತೇನೆ.

ಗುಡ್ಡದ ಏರಿನಲ್ಲಿ ಬೆಂಕಿ ಮೇಲಕ್ಕೆ ಓಡುತ್ತದೆ. ಏರು ಹತ್ತು ಡಿಗ್ರಿ ಜಾಸ್ತಿಯಾದರೆ ವೇಗ ಸುಮಾರು ಎರಡು ಪಟ್ಟು. ಹಾಗಾಗಿ ಬೆಂಕಿಯ ಮೇಲ್ಗಡೆ ಯಾವತ್ತೂ ನಿಲ್ಲಬೇಡಿ. ಸುಟ್ಟು ಕರಕಲಾದ ಜಾಗದಲ್ಲಿ ಕಾಲಿಟ್ಟು, ಪಕ್ಕದಿಂದ ಹಸಿ ಟೊಂಗೆಯಿಂದ ಬಡಿಯುತ್ತಾ ಹೋಗಿ. ಮಧ್ಯಾಹ್ನದ ಗಾಳಿಯಲ್ಲಿ ಹಟ ಬೇಡ. ಸೂರ್ಯ ಮುಳುಗಿದ ಮೇಲೆ ತಂಪಾಗಿ ಬೆಂಕಿ ತಗ್ಗುತ್ತದೆ. ಬಣವೆಯ ಬೆಂಕಿಯಾದರೆ ಹತ್ತಿದ ಬಣವೆಯ ಆಸೆ ಬಿಡಿ. ಟ್ರ್ಯಾಕ್ಟರ್ ಟ್ಯಾಂಕರ್ ನೀರನ್ನು ಪಕ್ಕದ ಬಣವೆಗೆ, ಮನೆಯ ಮಾಳಿಗೆಗೆ ಹಾಕಿ. ಮೇಲೆ ಕರೆಂಟ್ ತಂತಿ ಇದ್ದರೆ ಲೈನ್ ಬಂದ್ ಮಾಡಿಸುವವರೆಗೆ ನೀರು ಬೇಡ.

ಹೊರಡುವಾಗ ತಲೆ ಎಣಿಸಿ. ವಾಪಸ್ ಬರುವಾಗ ಮತ್ತೆ ಎಣಿಸಿ.

6. ವಾಪಸ್ ಬಂದ ಮೇಲೆ

ಸೀದಾ ಒಳಗೆ ಹೋಗಬೇಡಿ. ಬಟ್ಟೆ ಹೊರಗೇ ಬಕೆಟ್‌ನಲ್ಲಿ ನೆನೆಹಾಕಿ, ಹಿತ್ತಲಲ್ಲೇ ಸ್ನಾನ ಮಾಡಿ. ಹೊಗೆಯ ವಾಸನೆಗೆ ನಮ್ಮ ಸಣ್ಣ ಮಗನಿಗೆ ಕೆಮ್ಮು ಬರುತ್ತಿತ್ತು, ನನಗೆ ಅದು ತಿಳಿದದ್ದು ತಡವಾಗಿ. ಸುಟ್ಟ ಗಾಯವಿದ್ದರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಶಾಯಿ, ಅರಿಶಿನ ಏನೂ ಹಚ್ಚಬೇಡಿ. ಗುಳ್ಳೆ ದೊಡ್ಡದಿದ್ದರೆ, ಮುಖಕ್ಕೋ ಕೈಗೋ ತಾಗಿದ್ದರೆ ಆಸ್ಪತ್ರೆ. ತಲೆ ತಿರುಗಿದರೆ, ವಾಂತಿ ಬಂದರೆ ದಣಿವು ಅಂತ ಮಲಗಬೇಡಿ. ನೆರಳಿನಲ್ಲಿ ಮೈ ತಣ್ಣಗೆ ಮಾಡಿಕೊಳ್ಳಿ, ಓಆರ್‌ಎಸ್ ಕುಡಿಯಿರಿ, ಕಡಿಮೆಯಾಗದಿದ್ದರೆ ಡಾಕ್ಟರ ಹತ್ತಿರ ಹೋಗಿ.

ನಿದ್ದೆಗೆಟ್ಟು ಮಷಿನ್ ಮುಂದೆ ನಿಲ್ಲುವುದು ಬೆಂಕಿಗಿಂತ ಅಪಾಯ. ಒಮ್ಮೆ ಮೂರು ತಾಸು ಮಲಗಿ ಬಂದು ಕಟಿಂಗ್ ಮಷಿನ್ ಹಿಡಿದಿದ್ದೆ. ಕಾಗದದ ಕಟ್ಟು ಸರಿಮಾಡಲು ಕೈ ಹಾಕಿದವನು, ಕಣ್ಣು ಮುಚ್ಚಿದ್ದು ನನಗೇ ಗೊತ್ತಾಗಲಿಲ್ಲ. ಪಕ್ಕದ ಹುಡುಗ ಕೂಗಿದ. ಎರಡೂ ಕೈಯಿಂದ ಗುಂಡಿ ಒತ್ತದೆ ಬ್ಲೇಡ್ ಇಳಿಯದ ಮಷಿನ್ ಅದು, ಹಾಗಾಗಿ ಬೆರಳು ಉಳಿದವು. ಅಂದಿನಿಂದ ಮಧ್ಯರಾತ್ರಿ ದಾಟಿ ಬಂದರೆ ಮರುದಿನ ಅರ್ಧ ರಜೆ. ಉಳಿಸಿಟ್ಟ ರಜೆ ಇದಕ್ಕೇ. ಮಾಲೀಕರಿಗೆ ಬೆಳಿಗ್ಗೆ ಏಳಕ್ಕೇ ಹೇಳುತ್ತೇನೆ, ಒಂಬತ್ತೂವರೆಗೆ ಅಲ್ಲ.

7. ದುಡ್ಡಿನ ಮಾತು

ಪೆಟ್ರೋಲ್, ಬ್ಯಾಟರಿ, ಹರಿದ ಬೂಟು, ಹುಡುಗರಿಗೆ ಚುರುಮರಿ ಮಿರ್ಚಿ. ಮೊದಲ ಎರಡು ವರ್ಷ ಎಲ್ಲ ನನ್ನ ಜೇಬಿನಿಂದ ಹೋಗುತ್ತಿತ್ತು, ಮನೆಯಲ್ಲಿ ಹೇಳದೆ. ಹೇಳದೆ ಮಾಡಿದ ಖರ್ಚು ಒಂದಲ್ಲ ಒಂದು ದಿನ ಹೊರಗೆ ಬರುತ್ತದೆ. ಒಂದು ನೋಟ್‌ಬುಕ್ ಇಡಿ. ಬಣವೆ ಉಳಿದ ರೈತರು ತಾವಾಗಿ ಕೊಟ್ಟರೆ ಅದರಲ್ಲಿ ಬರೆದು ತಂಡಕ್ಕೆ ಹಾಕಿ, ಯಾರನ್ನೂ ಕೇಳಬೇಡಿ.

ವಿಮೆ ಮಾತ್ರ ಎಲ್ಲರಿಗೂ ಮಾಡಿಸಲೇಬೇಕು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರಿಗೆ. ಅಪಘಾತದಲ್ಲಿ ಜೀವ ಹೋದರೆ ಅಥವಾ ಪೂರ್ತಿ ಅಂಗವೈಕಲ್ಯವಾದರೆ 2 ಲಕ್ಷ ರೂಪಾಯಿ. ಜೀವ ವಿಮೆಯ ಜೀವನ ಜ್ಯೋತಿ ಯೋಜನೆಗೆ ವರ್ಷಕ್ಕೆ 436 ರೂಪಾಯಿ, 18ರಿಂದ 50 ವರ್ಷದವರು ಸೇರಬಹುದು. ಎರಡೂ ಜೂನ್ 1ರಿಂದ ಮೇ 31ರವರೆಗೆ, ಹಣ ಬ್ಯಾಂಕ್ ಖಾತೆಯಿಂದ ತಾನೇ ಕಡಿತವಾಗುತ್ತದೆ. ಮೇ ಕೊನೆಯಲ್ಲಿ ಖಾತೆ ಖಾಲಿ ಇದ್ದರೆ ವಿಮೆ ನಿಲ್ಲುತ್ತದೆ. ಹಾಗಾಗಿ ಮೇ 20ರ ಸುಮಾರಿಗೆ ನಾನು ಹದಿನಾಲ್ಕು ಮಂದಿಯ ಪಾಸ್‌ಬುಕ್ ಕೇಳುತ್ತೇನೆ. ನಾಮಿನಿ ಹೆಸರೂ ನೋಡುತ್ತೇನೆ. ಒಬ್ಬನಿಗೆ ಮದುವೆಯಾಗಿ ನಾಲ್ಕು ವರ್ಷವಾದರೂ ನಾಮಿನಿಯಲ್ಲಿ ತೀರಿಹೋದ ಅಜ್ಜಿಯ ಹೆಸರೇ ಇತ್ತು.

8. ಮೊದಲ ಮಳೆಯ ಮೇಲೆ

ಜೂನ್‌ನಲ್ಲಿ ಒಂದು ಭಾನುವಾರ ಎಲ್ಲರೂ ಮನೆಯವರ ಸಮೇತ ಸೇರುತ್ತೇವೆ. ಭಾಷಣ ಇಲ್ಲ, ಊಟ ಇದೆ. ಊಟದ ಮೇಲೆ ಹೆಂಗಸರು, ಅವ್ವಂದಿರು ದೂರು ಹೇಳುವ ಹೊತ್ತು. ಗಂಡಸರು ಉತ್ತರ ಕೊಡುವಂತಿಲ್ಲ, ಬರೆದುಕೊಳ್ಳಬೇಕು. ಕೆಳಗೆ ಒಬ್ಬರು ಇರಬೇಕು ಅನ್ನುವುದೂ, ಒಂದು ಮನೆಯಿಂದ ಒಬ್ಬರೇ ಅನ್ನುವುದೂ ಅಲ್ಲಿಂದಲೇ ಬಂದ ನಿಯಮಗಳು. ಮುಂದಿನ ವರ್ಷ ಯಾರು ಇರುತ್ತಾರೆ, ಯಾರು ಬಿಡುತ್ತಾರೆ ಅಂತಲೂ ಅಲ್ಲೇ ಕೇಳಿ. ಮನೆಯಲ್ಲಿ ಹೆರಿಗೆ ಇದೆ, ಅಪ್ಪನಿಗೆ ಹುಷಾರಿಲ್ಲ ಅಂದವರನ್ನು ಮತ್ತೆ ಒತ್ತಾಯ ಮಾಡಬೇಡಿ. ಹೆಸರು ಹೊಡೆದುಹಾಕುವ ಬದಲು ಪಕ್ಕದಲ್ಲಿ "ಒಂದು ವರ್ಷ ರಜೆ" ಅಂತ ಬರೆಯಿರಿ.

ಬರುವ ಮಾರ್ಚ್‌ಗೆ ನನ್ನ ಮಗಳು ಎಸ್ಸೆಸ್ಸೆಲ್ಸಿ. ಈ ಸಲದ ಪಟ್ಟಿ ಅವಳೇ ಬರೆದಳು, ಅಕ್ಷರ ದುಂಡಗಿದೆ ಅಂತ. ನನ್ನ ಹೆಸರಿನ ಮುಂದೆ ಏನು ಬರೆಯಬೇಕು ಅಂತ ಅವಳು ಕೇಳಲಿಲ್ಲ, ತಾನೇ ಬರೆದು ಮುಗಿಸಿದ್ದಳು. ಕೀಪ್ಯಾಡ್ ಫೋನು ಚಾರ್ಜರ್ ಸಮೇತ ಡೇರಿ ಸೆಕ್ರೆಟರಿ ಮನೆಗೆ ಹೋಗಿದೆ.